ಎಡೆಗಿಟ್ಟ ಎರಡು ಸೆಲ್ಲು

ಬಸ್ಸು ಕೆ.ಎಂ.ದೊಡ್ಡಿ ದಾಟುವ ಹೊತ್ತಿಗೆ ವೀಣಳ ಸ್ಕೋರು ಏಳು ಸಾವಿರದ ಇನ್ನೂರಕ್ಕೆ ಬಂದಿತ್ತು. ಮಳವಳ್ಳಿಯಿಂದ ಮದ್ದೂರಿಗೆ ದಿನವೂ ಹೋಗುವ ಬಸ್ಸು, ದಿನವೂ ಕೂರುವ ಎಡಗಡೆಯ ಮೂರನೇ ಸೀಟು. ವ್ಯಾನಿಟಿ ಬ್ಯಾಗನ್ನು ಬಾಯಿ ತೆರೆದು ತೊಡೆಯ ಮೇಲಿಟ್ಟುಕೊಂಡು, ಅದರೊಳಗೆ ಎರಡೂ ಕೈ ಇಳಿಬಿಟ್ಟು, ಚಿಲ್ಲರೆ ಹುಡುಕುವವಳ ಹಾಗೆ ತಲೆ ಬಗ್ಗಿಸಿ ಆಡುತ್ತಿದ್ದಳು. ನಲವತ್ತೆರಡು ವರ್ಷದ ಹೆಂಗಸು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ, ಪಿಯುಸಿ ಓದುವ ಮಗಳ ತಾಯಿ. ಮಗಳ ಕೈಯಿಂದ ಮೊಬೈಲು ಕಿತ್ತು ಬೀರುವಿನೊಳಗಿಟ್ಟು ಬೀಗ ಹಾಕುವವಳು ತಾನೇ ಹೀಗೆ ಬ್ಯಾಗಿನೊಳಗೆ ಕಳ್ಳಾಟ ಆಡುವುದನ್ನು ನೋಡಿದರೆ ಯಾರು ತಾನೇ ನಗುವುದಿಲ್ಲ? ಬ್ಯಾಗಿನಲ್ಲಿದ್ದದ್ದು ಅಂಗೈಗಿಂತ ಸ್ವಲ್ಪ ಉದ್ದದ, ಬೂದು ಬಣ್ಣದ, ಹಳದಿ ಗುಂಡಿಗಳ ಹಳೇ ವಿಡಿಯೋ ಗೇಮು. ಮೇಲಿನಿಂದ ಒಂದೊಂದೇ ಇಟ್ಟಿಗೆ ಇಳಿಯುತ್ತದೆ. ತಿರುಗಿಸಿ, ಸರಿಸಿ, ಸಂದು ನೋಡಿ ಕೂರಿಸಬೇಕು. ಒಂದು ಸಾಲು ತುಂಬಿದರೆ ಅಳಿಸಿಹೋಗುತ್ತದೆ. ಸಂದು ಬಿಟ್ಟರೆ ಇಟ್ಟಿಗೆ ಪೇರಿಕೊಳ್ಳುತ್ತ ಹೋಗಿ, ಮೇಲಿನ ಅಂಚು ಮುಟ್ಟಿದರೆ ಆಟ ಮುಗಿಯಿತು. ಸದ್ದಿನ ಗುಂಡಿ ಒತ್ತಿ ಸದ್ದು ನಿಲ್ಲಿಸಿದ್ದಳು. ಇಪ್ಪತ್ತೇಳು ವರ್ಷ ಮುಟ್ಟದಿದ್ದ ಯಂತ್ರ ಸೋಮವಾರ ಕೈಗೆ ಬಂದಾಗ ಅವಳಿಗೆ ಆಶ್ಚರ್ಯವಾದದ್ದು ಅದು ಇನ್ನೂ ನಡೆಯುತ್ತದೆ ಎಂಬುದಕ್ಕಲ್ಲ, ತನ್ನ ಹೆಬ್ಬೆರಳುಗಳು ಒಂದನ್ನೂ ಮರೆತಿಲ್ಲ ಎಂಬುದಕ್ಕೆ. ಮನಸ್ಸು ಮರೆತಂತೆ ನಟಿಸಬಹುದು, ಬೆರಳಿಗೆ ಆ ನಾಟಕ ಬರುವುದಿಲ್ಲ.

ಸೋಮವಾರ ಅವ್ವನೇ ಅದನ್ನು ತೆಗೆಸಿದ್ದು. ಅಪ್ಪ ತೀರಿಕೊಂಡ ಮೇಲೆ ಅವ್ವ ಸಣ್ಣತಾಯಮ್ಮ ಕೆರಗೋಡು ಬಿಟ್ಟು ಮಳವಳ್ಳಿಗೆ ಮಗಳ ಮನೆಗೆ ಬಂದಿದ್ದಳು; ಬರುವಾಗ ತಂದದ್ದು ಒಂದು ಟ್ರಂಕು. ಅದರ ತಳದಲ್ಲಿ, ಹತ್ತು ವರ್ಷದ ಹುಡುಗನ ಒಂದು ಚಡ್ಡಿ ಒಂದು ಶರಟಿನ ಮಡಿಕೆಯಲ್ಲಿ, ಈ ಗೇಮು. ಅಪ್ಪುವಿನದು. ವೀಣಳ ಒಬ್ಬನೇ ತಮ್ಮ. ಪಕ್ಷದ ಹಬ್ಬಕ್ಕೆ ಸತ್ತವರಿಗೆ ಎಡೆ ಇಡುವಾಗ ಅವರವರು ಇಷ್ಟಪಟ್ಟದ್ದನ್ನು ಇಡುವುದು ಊರಿನ ಪದ್ಧತಿ: ತಾತನಿಗೆ ಬೀಡಿ ಕಟ್ಟು, ಅಜ್ಜಿಗೆ ಎಲೆಯಡಿಕೆ ಹೊಗೆಸೊಪ್ಪು, ಅಪ್ಪುವಿಗೆ ಕಜ್ಜಾಯದ ಜೊತೆ ಈ ಗೇಮು. ಗೇಮಿನ ಪಕ್ಕದಲ್ಲಿ ಎರಡು ಹೊಸ ಸೆಲ್ಲು. ಆ ಸೆಲ್ಲು ಇಡುವುದು ಅಪ್ಪನ ಕೆಲಸ. ಪ್ರತಿ ವರ್ಷ ಎಡೆಯ ಹಿಂದಿನ ದಿನ ಅಪ್ಪ ಮಂಡ್ಯಕ್ಕೆ ಹೋಗಿ, ಬೇರೆ ಯಾವ ಕೆಲಸವಿಲ್ಲದಿದ್ದರೂ ಹೋಗಿ, ಎರಡು ಸೆಲ್ಲು ತಂದು, ಅಂಗಿಯ ತುದಿಯಿಂದ ಒರೆಸಿ, ಬಾಳೆಲೆಯ ಅಂಚಿನಲ್ಲಿಟ್ಟು ಹಿಂದಕ್ಕೆ ಸರಿಯುತ್ತಿದ್ದ. ಹಬ್ಬ ಮುಗಿದ ಮೇಲೆ ಅದರಲ್ಲೊಂದು ಗೋಡೆ ಗಡಿಯಾರಕ್ಕೆ ಹೋಗುತ್ತಿತ್ತು, ಅದು ಮುಗಿದಾಗ ಇನ್ನೊಂದು. ಕೆರಗೋಡಿನ ಆ ಮನೆಯಲ್ಲಿ ಇಪ್ಪತ್ತಾರು ವರ್ಷ ಹೊತ್ತು ನಡೆದದ್ದೇ ಅಪ್ಪುವಿನ ಎಡೆಯ ಸೆಲ್ಲಿನಿಂದ. ಅಪ್ಪ ಒಮ್ಮೆಯೂ ಅವನ್ನು ಗೇಮಿನೊಳಗೆ ಹಾಕಲಿಲ್ಲ, ಹೇಗೆ ಹಾಕುವುದೆಂದು ಗೊತ್ತಿರಲಿಲ್ಲವೇನೋ. ಹಾಕದ್ದರಿಂದಲೇ ಒಳಗಿನ ತಂತಿ ತುಕ್ಕು ಹಿಡಿಯದೆ ಉಳಿದಿತ್ತು.

ಮದ್ದೂರು ಬಂತು. ಕಂಡಕ್ಟರು ಕೂಗಿದ್ದು ಕೇಳಿಸಿ ತಲೆ ಎತ್ತುವಷ್ಟರಲ್ಲಿ ಒಂದು ಉದ್ದನೆಯ ಇಟ್ಟಿಗೆ ಅಡ್ಡಡ್ಡ ಬಿದ್ದು ಕೆಲಸ ಕೆಟ್ಟಿತು. ಏಳು ಸಾವಿರದ ಒಂಬೈನೂರು. ಎಂಟು ಸಾವಿರದ ಒಂಬೈನೂರು ಮುಟ್ಟಬೇಕು, ಮುಟ್ಟಿ ಒಂದೇ ಒಂದು ಸಾಲು ಹೆಚ್ಚು ಮಾಡಬೇಕು, ಆಮೇಲೆ ಇದನ್ನು ಕೈಯಿಂದ ಕೆಳಗಿಡುತ್ತೇನೆ ಎಂದು ಅವಳು ನಾಲ್ಕು ದಿನದಿಂದ ಹೇಳಿಕೊಳ್ಳುತ್ತಿದ್ದಳು. ಆ ಅಂಕಿ ಅವಳಿಗೆ ತನ್ನ ಮದುವೆಯ ತಾರೀಖಿಗಿಂತ ಚೆನ್ನಾಗಿ ನೆನಪಿದೆ. ಅವತ್ತು ಅವಳು ಕೊಟ್ಟಿಗೆಯ ಹಿಂದಿನ ಕಲ್ಲಿನ ಮೇಲೆ ಕೂತಿದ್ದಳು, ಕಾರ್ತಿಕ ಮಾಸದ ಬಿಸಿಲು, ಎಸ್ಸೆಸ್ಸೆಲ್ಸಿ ವಿಜ್ಞಾನದ ಪುಸ್ತಕ ಮಡಿಲಲ್ಲಿ ಮಗುಚಿ ಬಿದ್ದಿತ್ತು. ಸೋದರಮಾವ ಮಂಡ್ಯದ ಪೇಟೆ ಬೀದಿಯಲ್ಲಿ ಗೇಮು ಕೊಂಡು ತಂದದ್ದು ಅಪ್ಪುವಿಗೆ. ವೀಣಳಿಗೆ ತಂದದ್ದು ಹೇರ್ ಬ್ಯಾಂಡು. ಅಪ್ಪು ನಿದ್ದೆ ಹೋದಾಗ, ಅಪ್ಪು ಆಡಿ ಬೇಸರವಾಗಿ ಎಸೆದಾಗ ಮಾತ್ರ ಅದು ಅವಳ ಪಾಲಿಗೆ. ಅವನ ಅತಿ ಹೆಚ್ಚಿನ ಸ್ಕೋರು ಒಂಬತ್ತು ಸಾವಿರದ ನೂರು, ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಅವತ್ತು ಅವಳದು ಎಂಟು ಸಾವಿರದ ಒಂಬೈನೂರಕ್ಕೆ ಬಂದು, ಇನ್ನು ಮೂರು ಸಾಲು ಅಂದುಕೊಳ್ಳುತ್ತಿದ್ದಾಗ ಒಳಗಿನಿಂದ ಅವನು ಕರೆದ. ಎರಡು ದಿನದಿಂದ ಜ್ವರ. ಸ್ಕೂಲು ತಪ್ಪಿಸಲು ಆಡುವ ಆಟ ಎಂದೇ ಅವಳು ತಿಳಿದಿದ್ದಳು, ಹಾಗೆ ತಿಳಿಯುವುದು ಅವಳಿಗೆ ಅನುಕೂಲವೂ ಆಗಿತ್ತು.

ಅವನು ಹೆಚ್ಚೇನೂ ಕೇಳಲಿಲ್ಲ. "ಒಂದಾಟ ಕೊಡಕ್ಕ," ಅಂದ. ಕಣ್ಣು ಕೆಂಪಗಾಗಿತ್ತು, ಕಂಬಳಿಯಿಂದ ಕೈ ಹೊರಗೆ ಚಾಚಿದ್ದ. ಅವಳು ಬತ್ತೀನಿರು ಎಂದು ಹೊರಗೆ ಹೋದಳು. ಗಡಿಯಾರಕ್ಕೆ ಹಾಕಿ ಮುಗಿಸಿ ಕಿಟಕಿಯ ಮೇಲಿಟ್ಟಿದ್ದ ಎರಡು ಹಳೇ ಸೆಲ್ಲುಗಳಿದ್ದವು. ಗೇಮಿನೊಳಗಿದ್ದ ಒಳ್ಳೆಯವನ್ನು ತೆಗೆದು ಲಂಗದ ಮಡಿಲಲ್ಲಿ ಕಟ್ಟಿಕೊಂಡು, ಆ ಮುಗಿದವನ್ನು ಒಳಗೆ ಹಾಕಿ, ಗೇಮನ್ನು ತಂದು ಅವನ ಕೈಯಲ್ಲೇ ಕೊಟ್ಟಳು. ಇದೇ, ಈ ಕೈಯಲ್ಲಿ ಕೊಟ್ಟದ್ದೇ, ಇಷ್ಟು ವರ್ಷವಾದರೂ ಅವಳ ಗಂಟಲಿನಿಂದ ಇಳಿಯದೆ ಉಳಿದದ್ದು. ಕೊಡುವುದಿಲ್ಲ ಹೋಗೋ ಎಂದಿದ್ದರೆ ಅದು ಅಕ್ಕ ತಮ್ಮಂದಿರ ಜಗಳವಾಗುತ್ತಿತ್ತು. ಅವನು ಹೆಬ್ಬೆರಳಿನಿಂದ ಗುಂಡಿ ಒತ್ತಿದ, ಮತ್ತೆ ಒತ್ತಿದ, ಗೇಮನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. "ಸೆಲ್ಲು ಮುಗ್ದೋಗವೆ ಕಣ್ಲಾ ಅಪ್ಪು," ಅಂದಳು. ಬಾಗಿಲಲ್ಲಿ ಅವ್ವ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಳು, ಅವಳೂ ಕೇಳಿಸಿಕೊಂಡಳು. ಅಪ್ಪು ಅವಳ ಮಾತನ್ನು ಪೂರ್ತಿ ನಂಬಿದ. "ಅಪ್ಪ ಮಂಡ್ಯಕ್ಕೋಗ್ಯದಲ್ಲ, ತತ್ತದಾ?" ಎಂದು ಕೇಳಿದ. ಅವ್ವ ಮಂಡ್ಯಕ್ಕೆ ಹೊರಟಿದ್ದ ಪಕ್ಕದ ಮನೆಯವರ ಜೊತೆ ಹೇಳಿಕಳಿಸಿದಳು, ಸೆಲ್ಲು ತರಬೇಕಂತೆ ಎಂದು. ಅಪ್ಪ ಕಬ್ಬಿನ ಕಟಾವು ಪರ್ಮಿಟ್ಟಿಗೆ ಹೋಗಿದ್ದ. ಸುದ್ದಿ ಅವನಿಗೆ ಮುಟ್ಟಿತ್ತು. ಅವಳು ಗೇಮನ್ನು ಎತ್ತಿಕೊಂಡು ಕೊಟ್ಟಿಗೆಯ ಹಿಂದಕ್ಕೆ ಹೋಗಿ ಒಳ್ಳೆಯ ಸೆಲ್ಲು ಹಾಕಿ ನೋಡಿದರೆ ಆಟವೂ ಇಲ್ಲ, ಸ್ಕೋರೂ ಇಲ್ಲ. ಸೆಲ್ಲು ತೆಗೆದರೆ ಆ ಯಂತ್ರ ಎಲ್ಲವನ್ನೂ ಮರೆಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಯಾವುದನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದಳೋ ಅದನ್ನು ಆ ಸುಳ್ಳೇ ಅಳಿಸಿತ್ತು. ಅವಳು ಮತ್ತೆ ಸೊನ್ನೆಯಿಂದ ಆಡಲು ಕೂತಳು. ಹೌದು, ಕೂತಳು.

ಕಚೇರಿಯಲ್ಲಿ ಮಧ್ಯಾಹ್ನ ಊಟದ ಡಬ್ಬಿ ತೆಗೆಯುವಾಗ ಗೇಮು ಬ್ಯಾಗಿನಿಂದ ಜಾರಿ ಮೇಜಿನ ಮೇಲೆ ಬಿತ್ತು. ಎದುರಿಗೆ ಕೂರುವ ಸೌಮ್ಯ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿಲ್ಲದ ಹುಡುಗಿ, ಅಯ್ಯೋ ಇದು ನಮ್ಮ ಮನೇಲೂ ಇತ್ತು ಮೇಡಂ ಎಂದು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಯಾರದು ಎಂದು ಕೇಳಿದಾಗ ವೀಣ ಯೋಚಿಸದೆ ತಮ್ಮಂದು ಎಂದಳು. ನಿಮಗೆ ತಮ್ಮ ಇದ್ದಾರಾ, ಹೇಳೇ ಇಲ್ಲವಲ್ಲ, ಏನು ಮಾಡಿಕೊಂಡಿದ್ದಾರೆ ಎಂದು ಸೌಮ್ಯ ಕೇಳಿದಳು. ಚಿಕ್ಕೋನು ಎಂದಳು ವೀಣ. ಸೌಮ್ಯ ಗೇಮನ್ನು ಮೇಜಿನ ಮೇಲಿಡುವಾಗ ಬಿಸಿ ಪಾತ್ರೆ ಇಡುವವಳ ಹಾಗೆ ಮೆಲ್ಲಗೆ ಇಟ್ಟಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವುದು ಸುಳ್ಳಲ್ಲ. ಉಳಿದ ಹೊತ್ತೆಲ್ಲ ಫೈಲಿನಿಂದ ತಲೆ ಎತ್ತಿದಾಗಲೆಲ್ಲ ಆ ಹುಡುಗಿ ತನ್ನನ್ನೇ ನೋಡುತ್ತಿದ್ದಾಳೆ ಎನಿಸಿತು. ನೋಡುತ್ತಿರಲಿಲ್ಲ. ಯಾರೂ ಯಾವತ್ತೂ ನೋಡಿರಲಿಲ್ಲ. ಎಲ್ಲರೂ ನೋಡಿದ್ದು ಅಪ್ಪನನ್ನು.

ಅಪ್ಪ ಅವತ್ತು ಸಂಜೆ ಬರಿಗೈಯಲ್ಲಿ ಬಂದ. ಪರ್ಮಿಟ್ಟು ಸಿಕ್ಕಿತ್ತು, ಆ ಖುಷಿಯಲ್ಲಿ ಜೊತೆಯವರೊಡನೆ ಹೋಟೆಲಿನಲ್ಲಿ ಕಾಫಿ ಕುಡಿದು, ಬಸ್ಸು ಹೊರಟಿತೆಂದು ಓಡಿ ಹತ್ತಿಕೊಂಡಿದ್ದ. ಸೆಲ್ಲು ಮರೆತಿದ್ದ. ಕತ್ತಲಾಗುವಷ್ಟರಲ್ಲಿ ಅಪ್ಪುವಿನ ಕತ್ತು ಸೆಟೆದುಕೊಂಡಿತು. ಆ ವರ್ಷ ಸುತ್ತಲಿನ ಊರುಗಳಲ್ಲೆಲ್ಲ ಮೆದುಳು ಜ್ವರ ಮಕ್ಕಳನ್ನು ತೆಗೆದುಕೊಂಡು ಹೋಗುತ್ತಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ಮೂರು ದಿನ ಅವನಿಗೆ ಯಾರ ಗುರುತೂ ಇರಲಿಲ್ಲ. ಎರಡು ಹೆಬ್ಬೆರಳು ಮಾತ್ರ ಹಾಸಿಗೆಯ ಬಟ್ಟೆಯ ಮೇಲೆ ಒತ್ತುತ್ತಿದ್ದವು, ಎಡ, ಎಡ, ಬಲ, ಕೆಳಗೆ. ಅವ್ವ ಅದನ್ನು ನೋಡುತ್ತ ಕೂತಿದ್ದಳು. ವೀಣಳೂ ನೋಡಿದಳು, ಆಟ ಮುಗಿಸಿ ಮತ್ತೆ ತೆಗೆದು ಕಟ್ಟಿಕೊಂಡಿದ್ದ ಸೆಲ್ಲುಗಳು ಇನ್ನೂ ಅವಳ ಲಂಗದ ಮಡಿಲಲ್ಲೇ ಇದ್ದವು, ಹಾಕಿಕೊಡಲು ಗೇಮು ಊರಿನಲ್ಲಿತ್ತು. ಮಗನನ್ನು ಮಣ್ಣು ಮಾಡಿ ಬಂದ ದಿನ ಅವ್ವ ಗಂಡನ ಕಡೆ ತಿರುಗಿ, "ಕಾಪಿ ಕುಡಿಯಕ್ಕೆ ಗ್ಯಾನ ಇತ್ತು, ಮಗೀನ್ ಸೆಲ್ಲಿಗೆ ಗ್ಯಾನ ಇರ್ನಿಲ್ಲ," ಅಂದಳು. ಅವಳು ಅವನಿಗೆ ನೇರವಾಗಿ ಆಡಿದ ಕೊನೆಯ ಮಾತು ಅದು. ಆಮೇಲೆ ಏನಿದ್ದರೂ ವೀಣಳ ಮೂಲಕ. ನಿಮ್ಮಪ್ಪಂಗೆ ಊಟಕ್ಕೆ ಬರಕ್ಕೇಳು. ನಿಮ್ಮಪ್ಪಂಗೆ ನೀರು ಕಾಯ್ದದೆ ಅನ್ನು. ಮದುವೆಯಾಗಿ ವೀಣ ಹೋದ ಮೇಲೆ ಗೋಡೆಗೆ, ಬೆಕ್ಕಿಗೆ ಹೇಳುತ್ತಿದ್ದಳಂತೆ, ಅಪ್ಪ ಅದನ್ನು ಕೇಳಿಸಿಕೊಂಡು ಎದ್ದು ಬಂದು ಉಣ್ಣುತ್ತಿದ್ದನಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅಪ್ಪನ ಮಾನ ಹೋದದ್ದು ಎರಡು ಸೆಲ್ಲಿಗೆ, ಅದೂ ಅವನದಲ್ಲದ ತಪ್ಪಿಗೆ. ಒಂದು ವರ್ಷ ಎಡೆಯ ಹಿಂದಿನ ದಿನ ಅವನ ಜೊತೆ ಮಂಡ್ಯಕ್ಕೆ ಹೋಗಿದ್ದಾಗ ವೀಣ ಹೇಳಲು ಬಾಯಿ ತೆರೆದಿದ್ದಳು. ಅಂಗಡಿಯ ಮುಂದೆ ಸೆಲ್ಲುಗಳನ್ನು ಕೈಯಲ್ಲಿ ಉರುಳಿಸುತ್ತ ಅಪ್ಪ, ಮರ್ತೆ ಕಣವ್ವ, ಅದೆಂಗ್ ಮರ್ತೆನೋ ಎಂದ. ಅವಳ ಬಾಯಿ ಮುಚ್ಚಿಕೊಂಡಿತು. ಅಪ್ಪ ಹೋದ ವರ್ಷ ಶ್ರಾವಣದಲ್ಲಿ ಹೋದ. ಹೆಣದ ಮುಂದೆ ಅವ್ವ ಅಳಲಿಲ್ಲ, ಮಾತಾಡಿಸಲೂ ಇಲ್ಲ. ಅವತ್ತು ವೀಣ ಆಣೆ ಮಾಡಿಕೊಂಡಳು: ಅಪ್ಪನ ಮೊದಲ ಎಡೆಯೊಳಗೆ ಅವ್ವನಿಗೆ ಹೇಳಿಬಿಡಬೇಕು. ಸೂತಕವೆಂದು ಹೋದ ವರ್ಷ ಎಡೆ ಇಡಲಿಲ್ಲ. ಮೊದಲ ಎಡೆ ಈ ಭಾನುವಾರ.

ಶನಿವಾರ ಸಂಜೆ ಅವ್ವ ಅಡುಗೆಮನೆಯ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ವೀಣ ಎದುರಿಗೆ ಕೂತು ತಾನೂ ಎರಡು ಗಡ್ಡೆ ತೆಗೆದುಕೊಂಡಳು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಎಂದುಕೊಂಡಳು, ಒಂದೊಂದು ಎಸಳು ಸುಲಿದ ಮೇಲೂ ಇದಾದ ಮೇಲೆ ಎಂದುಕೊಂಡಳು. ಬುಟ್ಟಿ ತುಂಬಿತು. ಅವ್ವನೇ ಮಾತೆತ್ತಿದಳು. "ಈ ದಪ ಸೆಲ್ನ ಪಕ್ಕದಲ್ಲಿ ಮಡುಗ್ಬೇಡ ಕಣವ್ವ, ವಳಿಕ್ಕೇ ಆಕ್ಬುಡು. ಅಷ್ಟ್ ಚಿಕ್ ಮಗ ಅದೆಂಗ್ ಬಿಚ್ಚಿ ಆಕ್ಕಂಡಾದು? ಅವ್ರಿಗೆ ಅದೂ ಗೊತ್ತಾಗ್ನಿಲ್ಲ," ಅಂದಳು. ಅವ್ರು ಎಂದರೆ ಅಪ್ಪ. ಸತ್ತು ವರ್ಷ ಕಳೆದ ಮೇಲೂ ಅವನು ಕಟಕಟೆಯಿಂದ ಇಳಿದಿರಲಿಲ್ಲ. ವೀಣ ಹೂಂ ಎಂದಳು, ಸಿಪ್ಪೆಗಳನ್ನು ಗುಡ್ಡೆ ಮಾಡಿ ಎದ್ದು, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಗೇಮು ತೆಗೆದಳು. ಅವತ್ತು ಅವಳ ಸ್ಕೋರು ಒಂಬತ್ತು ಸಾವಿರದ ಮುನ್ನೂರಾಯಿತು. ಅಪ್ಪುವನ್ನು ಮೀರಿಸಿದ್ದಳು. ನಲ್ಲಿ ತಿರುಗಿಸಿ ನೀರು ಬಿಟ್ಟುಕೊಂಡು ಬಾಯಿಗೆ ಸೆರಗು ತುರುಕಿ ಅತ್ತಳು.

ಕೆರಗೋಡಿನಲ್ಲಿ ಈಗ ಎಡೆ ಇಡುವವನು ದೊಡ್ಡಪ್ಪನ ಮಗ ಸಿದ್ದರಾಜು. ಅಪ್ಪುವಿಲ್ಲದ ಮನೆಗೆ ಗಂಡುಮಗ ಅವನೇ. ಭಾನುವಾರ ಬೆಳಿಗ್ಗೆ ಮಂಡ್ಯದಲ್ಲಿ ಬಸ್ಸು ಬದಲಾಯಿಸಿ ಅವ್ವ, ವೀಣ ಹೋಗುವಷ್ಟರಲ್ಲಿ ಅವನ ಹೆಂಡತಿ ಅರ್ಪಿತ ಮಾಂಸದ ಸಾರು ಕುದಿಸಿ, ವಡೆ ಕರಿದು, ಕಜ್ಜಾಯಕ್ಕೆ ಎಣ್ಣೆ ಇಟ್ಟಿದ್ದಳು. ನಡುಮನೆಯಲ್ಲಿ ಗೋಡೆಗೆ ಫೋಟೋಗಳು, ಮುಂದೆ ಬಾಳೆಲೆಗಳ ಸಾಲು. ಅಪ್ಪನ ಎಲೆಯ ಮೇಲೆ ಹೊಸ ಪಂಚೆ, ಅಂಗಿ. ಅವ್ವ ಆ ಎಲೆಗೆ ಬಡಿಸುವ ಕೆಲಸವನ್ನು ಅರ್ಪಿತಳಿಗೆ ಬಿಟ್ಟು ಅಪ್ಪುವಿನ ಎಲೆಯ ಮುಂದೆ ಕೂತಳು. ಸೊಂಟದ ಚೀಲದಿಂದ ಹೊಸ ಸೆಲ್ಲಿನ ಪೊಟ್ಟಣ ತೆಗೆದು, ಹಲ್ಲಿನಿಂದ ಹರಿದು, ವೀಣಳ ಕೈಗೆ ಹಾಕಿದಳು. ವೀಣ ತಾನು ಹಾಕಿದ್ದ ಸೆಲ್ಲುಗಳನ್ನು ಅವ್ವನಿಗೆ ಕಾಣದಂತೆ ತೆಗೆದಳು, ಒಂಬತ್ತು ಸಾವಿರದ ಮುನ್ನೂರು ಹೋಯಿತು, ಹೊಸದನ್ನು ಹಾಕಿದಳು. ಗೇಮು ಸಣ್ಣದೊಂದು ರಾಗ ಹಾಡಿತು. ಅವ್ವನ ಮುಖ ಬಿಚ್ಚಿಕೊಂಡಿತು. ಆಫ್ ಮಾಡಬೇಡ, ಹಂಗೇ ಇರಲಿ ಅಂದಳು. ವೀಣ ಆಟ ಶುರು ಮಾಡಿ, ಅದೇ ಗುಂಡಿಯನ್ನು ಮತ್ತೆ ಒತ್ತಿ, ಮೊದಲ ಇಟ್ಟಿಗೆ ಅರ್ಧ ದಾರಿಯಲ್ಲಿರುವಾಗಲೇ ತಡೆದು ನಿಲ್ಲಿಸಿ, ಎಲೆಯ ಮೇಲಿಟ್ಟಳು. ಸಿದ್ದರಾಜು ಧೂಪ ಹಾಕಿದ, ಎಲ್ಲರೂ ಕೈ ಮುಗಿದರು. ಹೊರಡುವಾಗ ಅವ್ವ ಗೇಮಿನ ಮೇಲೆ ಉದುರಿದ್ದ ಕುಂಕುಮವನ್ನು ಸೆರಗಿನಿಂದ ಒತ್ತಿ ಒರೆಸಿದಳು. ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದು ಕೂತರು. ಹಿರಿಯರು ಬಂದು ಉಂಡು ಹೋಗುವ ತನಕ ಮನೆಯೊಳಗೆ ಯಾರೂ ಇರಬಾರದು.

ಮೊದಲು ಕೇಳಿಸಿಕೊಂಡದ್ದು ಅರ್ಪಿತ. ಅವಳು ತೋಳಿನ ಮೇಲೆ ಕೈಯಾಡಿಸಿಕೊಂಡಳು. ಮುಚ್ಚಿದ ಬಾಗಿಲ ಆಚೆಯಿಂದ ಟಿಕ್ ಎಂದು ಒಂದು ಸದ್ದು, ಸ್ವಲ್ಪ ಬಿಟ್ಟು ಇನ್ನೊಂದು. ಸಿದ್ದರಾಜು ಹೆಗಲ ಟವೆಲು ತೆಗೆದು ಮಡಿಲಲ್ಲಿಟ್ಟುಕೊಂಡು ಕೈ ಮುಗಿದ. ವೀಣಳಿಗೆ ಕ್ಷಣದಲ್ಲೇ ತಿಳಿಯಿತು: ಸೆರಗಿನಿಂದ ಒರೆಸುವಾಗ ಗುಂಡಿ ಒತ್ತಿಹೋಗಿದೆ, ತಡೆದಿದ್ದ ಆಟ ಬಿಟ್ಟುಕೊಂಡಿದೆ, ಆಡಿಸುವವರಿಲ್ಲದೆ ಇಟ್ಟಿಗೆಗಳು ನಡುವಿನಲ್ಲಿ ಒಂದರ ಮೇಲೊಂದು ಬೀಳುತ್ತಿವೆ. ಇನ್ನೇನು ತುದಿ ಮುಟ್ಟುತ್ತವೆ. ಅವ್ವ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. "ಬಂದವ್ನೆ. ಆಡ್ತಾವ್ನೆ," ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ನಿಮ್ಮಪ್ಪ ಈ ದಪ ಮರ್ತಿಲ್ಲ ಕಣವ್ವ. ಅವ್ರೇ ತಕ್ಕೊಂಡೋಗಿ ಕೊಟ್ಟವ್ರೆ," ಅಂದಳು. ಅವಳ ದನಿಯಲ್ಲಿ ಇಪ್ಪತ್ತೇಳು ವರ್ಷದ ಗಂಟು ಸಡಿಲವಾಗಿತ್ತು. ವೀಣಳಿಗೆ ಆದದ್ದು ದುಃಖವಲ್ಲ, ನೆಮ್ಮದಿ, ನಾಚಿಕೆಗೆಟ್ಟ ನೆಮ್ಮದಿ. ಅಪ್ಪ ಬಿಡುಗಡೆಯಾದ, ಅವಳು ಒಂದು ಮಾತೂ ಆಡಬೇಕಾಗಿ ಬರಲಿಲ್ಲ. ಸತ್ತ ತಮ್ಮ, ಸತ್ತ ಅಪ್ಪ ಸೇರಿ ಅವಳ ಕೆಲಸ ಮಾಡಿಕೊಟ್ಟಿದ್ದರು. ಇದು ಹೀಗೇ ಮುಗಿದರೆ ಎಷ್ಟು ಚೆನ್ನ ಎಂದು ಅವಳು ಬೇಡಿಕೊಂಡಳು, ಯಾರನ್ನು ಎಂದು ಗೊತ್ತಿಲ್ಲ.

ಒಳಗೆ ಇಟ್ಟಿಗೆಗಳು ಕುಸಿಯುವ ಗರಗರ ಸದ್ದು ಬಂದು, ಎಲ್ಲ ನಿಂತಿತು. ಅವ್ವ ಕಣ್ಣು ತೆರೆದಳು. ಯಾಕೆ ನಿಂತೋಯ್ತು ಎಂದು ಮಗಳನ್ನು ಕೇಳಿದಳು. ವೀಣ ಯೋಚಿಸಲಿಲ್ಲ. ಬಾಯಿಗೆ ದಾರಿ ಗೊತ್ತಿತ್ತು.

"ಸೆಲ್ಲು ಮುಗ್ದೋಗವೆ ಕಣವ್ವ."

ಆಡಿದ ಮೇಲೆ ಅವಳಿಗೇ ಕೇಳಿಸಿತು. ಅದೇ ಮಾತು, ಅದೇ ಸಲೀಸು. ಅವ್ವ ಅವಳನ್ನೇ ನೋಡುತ್ತಿದ್ದಳು. "ಹೊಸಾವು ಕಣೆ. ಈಗ ನಾನೇ ಅರ್ದ್ಕೊಟ್ನಲ್ಲ," ಎಂದು ನಿಧಾನವಾಗಿ ಅಂದಳು. ಅವಳ ನೋಟ ಮಗಳ ಮುಖದಿಂದ ಕೈಗೆ ಇಳಿಯಿತು, ಮತ್ತೆ ಮುಖಕ್ಕೆ ಬಂತು. ಬಾಗಿಲಲ್ಲಿ ಮೊರ ಹಿಡಿದು ನಿಂತವಳು ಆ ಮಾತನ್ನು ಮೊದಲ ಸಲ ಕೇಳಿದ್ದು ಯಾವಾಗ ಎಂದು ಅವಳಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ.

"ಅವತ್ತು?" ಎಂದು ಕೇಳಿದಳು.

ಸುಳ್ಳು ಇನ್ನೂ ಬಾಯಲ್ಲೇ ಇತ್ತು, ಒಂದು ಹೆಜ್ಜೆ ದೂರದಲ್ಲಿ. ವೀಣ ಅದನ್ನು ದಾಟಿಕೊಂಡು ಹೇಳಿದಳು: "ಇದ್ವು ಕಣವ್ವ. ಗಡಿಯಾರದ ಹಳೇವ್ನ ಆಕಿ ತೋರುಸ್ದೆ. ಒಳ್ಳೇವು ನನ್ ಲಂಗದಲ್ಲೇ ಇದ್ವು." ಇನ್ನೂ ಹೇಳಬೇಕಿತ್ತು, ಆಗಿನ್ನೂ ತನಗೆ ಹದಿನೈದು ವರ್ಷ, ಬರೀ ಮೂರು ಸಾಲು, ಜ್ವರ ಎಂದು ನಂಬಿರಲಿಲ್ಲ, ಯಾವುದೂ ಬಾಯಿಗೆ ಬರಲಿಲ್ಲ. ಅರ್ಪಿತ ನೆಲ ನೋಡುತ್ತಿದ್ದಳು. ಅವ್ವ ಕಂಬ ಹಿಡಿದು ಎದ್ದಳು. ಸಿದ್ದರಾಜು ಏನು ಮಾಡುವುದೆಂದು ತೋಚದೆ, ಹೊತ್ತಾಯಿತೆಂಬಂತೆ ಬಾಗಿಲನ್ನು ಮೂರು ಸಲ ತಟ್ಟಿ ತೆರೆದ.

ಅವ್ವ ಮೊದಲು ಒಳಗೆ ಹೋದಳು. ಅಪ್ಪುವಿನ ಎಲೆಯನ್ನು ದಾಟಿ ಅಪ್ಪನ ಎಲೆಯ ಮುಂದೆ ಹೋಗಿ ಕುಕ್ಕರಿಸಿದಳು. ಮುದ್ದೆಯನ್ನು ಮುರಿದು ಸಾರಿನ ಪಕ್ಕಕ್ಕೆ ಸರಿಸಿದಳು, ಪಂಚೆಯ ಮಡಿಕೆ ಸರಿ ಮಾಡಿದಳು. ಫೋಟೋ ನೋಡಿ, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ಮೆಲ್ಲಗೆ, "ಉಣ್ಣಿ, ಆರೋಯ್ತದೆ," ಅಂದಳು. ವೀಣ ಹೊಸಿಲಿನಾಚೆ ನಿಂತಿದ್ದಳು, ಒಳಗೆ ಕಾಲಿಡಲೋ ಬೇಡವೋ ಗೊತ್ತಾಗದೆ, ಮುಷ್ಟಿಯೊಳಗೆ ತಾನು ತೆಗೆದ ಎರಡು ಸೆಲ್ಲುಗಳು ಬೆಚ್ಚಗಾಗಿದ್ದವು. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ತಿರುಗಿ ನೋಡಲಿಲ್ಲ. ಸಾರಿನ ಪಾತ್ರೆ ಎತ್ತುತ್ತಿದ್ದ ಅರ್ಪಿತಳನ್ನು ಕರೆದಳು.

"ಅವಳ್ಗೆ ಊಟಕ್ಕೆ ಬರಕ್ಕೇಳು ಕಣಮ್ಮ."